ಕಬ್ಬಿನ ಸಿಪ್ಪೆ ಉರಿಸಿ ಟ್ರ್ಯಾಕ್ಟರ್ ಓಡಿಸಬಹುದಾ? ಹಬೆ ಟ್ಯಾಂಕ್ ನಿಜವಾಗಿ ಇತ್ತಾ?

ಪ್ರಶ್ನೆ: ಸಾರ್, ನಮ್ಮದು ಮದ್ದೂರು ಹತ್ತಿರ ಹಳ್ಳಿ. ಕಬ್ಬು ಬೆಳೀತೀವಿ, ಸಣ್ಣ ಆಲೆಮನೆಯೂ ಇದೆ. ಡೀಸೆಲ್ ಖರ್ಚು ನೋಡಿ ಸಾಕಾಗಿದೆ. ರಸ ಹಿಂಡಿದ ಸಿಪ್ಪೆ, ಒಣ ಸೋಗೆ (ಕಬ್ಬಿನ ಎಲೆ) ಬೇಕಾದಷ್ಟು ಬಿದ್ದಿರುತ್ತೆ. ಅಷ್ಟು ದೊಡ್ಡ ರೈಲನ್ನೇ ಹಬೆ ಎಳೀತಿತ್ತು, ಹಾಗಾದ್ರೆ ಟ್ರ್ಯಾಕ್ಟರ್, ಲಾರಿ ಯಾಕೆ ಹಬೆಯಲ್ಲಿ ಓಡಲಿಲ್ಲ? ನನ್ನ ಮಗ ಮೊಬೈಲ್ ಗೇಮಿನಲ್ಲಿ ಹಬೆ ಟ್ಯಾಂಕ್ ಓಡಿಸ್ತಾನೆ. ಅಂಥದ್ದು ನಿಜವಾಗಿ ಇತ್ತಾ? ಅವನು ಡಿಪ್ಲೊಮಾ ಓದ್ತಿದ್ದಾನೆ. ಹಳೇ ಗ್ಯಾಸ್ ಸಿಲಿಂಡರಿನಲ್ಲಿ ಬಾಯ್ಲರ್ ಮಾಡಿ ಚಿಕ್ಕ ಗಾಡಿ ಓಡಿಸ್ತೀನಿ ಅಂತ ಕೂತಿದ್ದಾನೆ. ಬಿಡಲಾ?

ಉತ್ತರ: ಓಡಲಿಲ್ಲ ಅಂದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಓಡಿದ್ದವು. ಲಾರಿ, ಬಸ್ಸು, ಕಾರು, ಹೊಲ ಉಳುವ ಇಂಜಿನ್ನು, ಫಿರಂಗಿ ಎಳೆಯುವ ಇಂಜಿನ್ನು, ಕೊನೆಗೆ ಒಂದು ಟ್ಯಾಂಕ್ ಕೂಡ. 1770ರ ಸುಮಾರಿನಿಂದ 1950ರ ತನಕ ಯಾರಾದರೂ ಒಬ್ಬರು ಎಲ್ಲಾದರೂ ಒಂದು ಕಡೆ ಈ ಕೆಲಸಕ್ಕೆ ಕೈ ಹಾಕುತ್ತಲೇ ಇದ್ದರು. ನಾನು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಪಕ್ಕದಲ್ಲೇ ನೌಕರಿ ಮುಗಿಸಿದವನು, ಈಗ ಮೈಸೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಸ್ಟೀಮ್ ಅಂದರೆ ನನಗೆ ಸ್ವಲ್ಪ ಪಕ್ಷಪಾತ ಇದ್ದೇ ಇದೆ. ಆದರೂ ನಿಮ್ಮ ಟ್ರ್ಯಾಕ್ಟರ್ ವಿಚಾರಕ್ಕೆ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ.

ಹಬೆಗೆ ಶಕ್ತಿ ಸಾಲದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಎಳೆಯೋ ವಿಷಯದಲ್ಲಿ ಅದನ್ನು ಮೀರಿಸೋದು ಕಷ್ಟ. ಡೀಸೆಲ್ ಇಂಜಿನ್ನು ತಿರುಗದೇ ಇದ್ದಾಗ ಅದರಲ್ಲಿ ಬಲವೇ ಇಲ್ಲ. ಮೊದಲು ಅದನ್ನು ತಿರುಗಿಸಬೇಕು, ಆಮೇಲೆ ಕ್ಲಚ್ಚು, ಗೇರು ಅಂತ ನಿಧಾನವಾಗಿ ಚಕ್ರಕ್ಕೆ ದಾಟಿಸಬೇಕು. ಸ್ಟೀಮ್ ಹಾಗಲ್ಲ. ಚಕ್ರ ನಿಂತಲ್ಲೇ ನಿಂತಿದ್ದರೂ ವಾಲ್ವ್ ತೆರೆದ ತಕ್ಷಣ ಬಾಯ್ಲರಿನ ಪ್ರೆಷರ್ ಪೂರ್ತಿ ಪಿಸ್ಟನ್ ಮೇಲೆ ಬಂದು ಕೂರುತ್ತದೆ. ಗೇರ್ ಬಾಕ್ಸ್ ಇಲ್ಲದೆಯೂ ನಡೆಯುತ್ತದೆ. ಲೋಡು ಜಾಸ್ತಿಯಾದರೆ ಇಂಜಿನ್ ಆಫ್ ಆಗಿಬಿಡೋದಿಲ್ಲ, ಸುಮ್ನೆ ನಿಧಾನವಾಗುತ್ತದೆ ಅಷ್ಟೆ. ಮಳೆಗಾಲದಲ್ಲಿ ಕಬ್ಬಿನ ಟ್ರೈಲರ್ ಗದ್ದೆ ಬದುವಿನಲ್ಲಿ ಹೂತುಕೊಂಡಾಗ ಎಂಥ ಇಂಜಿನ್ ಬೇಕು ಅಂತ ನಿಮಗೇ ಗೊತ್ತು. ಅದು ಇದೇ.

ಹಾಗಾದ್ರೆ ತೊಂದರೆ ಎಲ್ಲಿ? ನೀರಿನಲ್ಲಿ. ಬೆಂಕಿಯಲ್ಲಿ ಆಮೇಲೆ.

ಒಂದು 40 ಅಶ್ವಶಕ್ತಿಯ ಟ್ರ್ಯಾಕ್ಟರ್ ಪೂರ್ತಿ ಲೋಡಿನಲ್ಲಿ ಒಂದು ಗಂಟೆ ದುಡಿದರೆ ಹೆಚ್ಚುಕಡಿಮೆ 10 ಲೀಟರ್ ಡೀಸೆಲ್ ಕುಡಿಯುತ್ತದೆ. ಅದೇ ಕೆಲಸಕ್ಕೆ ಸಿಪ್ಪೆ ಎಷ್ಟು ಬೇಕು ನೋಡಿ. ಗಾಣದಿಂದ ಆಗತಾನೆ ಬಂದ ಸಿಪ್ಪೆಯಲ್ಲಿ ತೂಕದ ಅರ್ಧ ನೀರೇ. ಒಂದು ಲೀಟರ್ ಡೀಸೆಲಿನ ಶಾಖಕ್ಕೆ ಅಂಥ ಸಿಪ್ಪೆ 5 ಕೆಜಿ ಆಗಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಡೀಸೆಲ್ ಇಂಜಿನ್ನು ತಿಂದದ್ದರಲ್ಲಿ 100ಕ್ಕೆ 30 ಪಾಲನ್ನಾದರೂ ಕೆಲಸಕ್ಕೆ ತಿರುಗಿಸುತ್ತದೆ. ಸ್ಟೀಮನ್ನು ಒಂದು ಸಲ ಬಳಸಿ ಚಿಮಣಿಯಿಂದ ಆಚೆ ಬಿಡುವ ಸಣ್ಣ ಇಂಜಿನ್ನು 100ಕ್ಕೆ 6 ಕೊಟ್ಟರೆ ಹೆಚ್ಚು. ಅಂದರೆ ಮತ್ತೆ 5 ಪಟ್ಟು. ಒಟ್ಟಿಗೆ ಒಂದು ಲೀಟರ್ ಡೀಸೆಲಿಗೆ 25 ಕೆಜಿ ಹಸಿ ಸಿಪ್ಪೆ, ಗಂಟೆಗೆ 250 ಕೆಜಿ. ಸಿಪ್ಪೆ ಹಗುರ, ಜಾಗ ತಿನ್ನುತ್ತದೆ, ಹಾಗಾಗಿ ಅದು ಹತ್ತಿರ ಹತ್ತಿರ 2 ಘನ ಮೀಟರ್ ರಾಶಿ. ಚೆನ್ನಾಗಿ ಒಣಗಿದ ಸೋಗೆ ಆದರೆ ಅರ್ಧಕ್ಕೆ ಇಳಿಯಬಹುದು. ಇದನ್ನು ಒಲೆಗೆ ತುಂಬುತ್ತಾ ಕೂರೋಕೆ ಡ್ರೈವರ್ ಬಿಟ್ಟು ಇನ್ನೊಬ್ಬ ಆಳು ಬೇಕು, ಅವನ ಕೂಲಿ ಬೇರೆ.

ಈಗ ನೀರು. ಇಂಥ ಇಂಜಿನ್ನು ಒಂದು ಅಶ್ವಶಕ್ತಿಗೆ ಗಂಟೆಗೆ 12 ಲೀಟರಿನ ಆಸುಪಾಸು ನೀರನ್ನು ಹಬೆ ಮಾಡಿ ಬಿಡುತ್ತದೆ. 40ಕ್ಕೆ ಲೆಕ್ಕ ಹಾಕಿ, ಗಂಟೆಗೆ 480 ಲೀಟರ್. ನಾಲ್ಕು ಗಂಟೆ ಕೆಲಸ ಅಂದರೆ ಟ್ರ್ಯಾಕ್ಟರ್ ಹಿಂದೆ ಒಂದು ಟನ್ ಸಿಪ್ಪೆ, ಸುಮಾರು ಎರಡು ಟನ್ ನೀರು. ಕಬ್ಬಿಗೆ ಜಾಗ ಎಲ್ಲಿ ಉಳಿಯಿತು?

ನಾಲೆಯಲ್ಲಿ ನೀರಿದೆಯಲ್ಲಾ ಅಂತೀರಿ. ನಾಲೆ ನೀರು ಬಂದಾಗ ಸರಿ, ಸರದಿ ಪ್ರಕಾರ ನೀರು ಬಿಡೋ ಕಟ್ಟು ಪದ್ಧತಿಯಲ್ಲಿ ಬಿಡದೇ ಇದ್ದಾಗ? ಬೋರ್‌ವೆಲ್ ನೀರನ್ನು ಬಾಯ್ಲರಿಗೆ ಹಾಗೇ ಬಿಟ್ಟರೆ ಟ್ಯೂಬಿನ ಮೇಲೆ ಬಿಳೀ ಸುಣ್ಣದ ಪದರ ಕಟ್ಟುತ್ತದೆ, ನಾವು ಸ್ಕೇಲ್ ಅಂತೀವಿ. ನಿಮ್ಮ ಮನೆಯ ನೀರು ಕಾಯಿಸೋ ಪಾತ್ರೆಯ ತಳದಲ್ಲಿ ನೋಡಿರ್ತೀರಿ. ಒಂದು ಮಿಲಿಮೀಟರ್ ದಪ್ಪ ಕಟ್ಟಿದರೂ ಶಾಖ ನೀರಿಗೆ ದಾಟೋದು ಕಡಿಮೆಯಾಗುತ್ತದೆ, ಉರುವಲು ಜಾಸ್ತಿ ಬೇಕಾಗುತ್ತದೆ, ಟ್ಯೂಬಿನ ಲೋಹ ಸುಟ್ಟು ಕೊನೆಗೆ ಉಬ್ಬುತ್ತದೆ. ಕಾರ್ಖಾನೆಯಲ್ಲಿ ನೀರನ್ನು ಮೆದು ಮಾಡೋಕೇ ಒಂದು ವಿಭಾಗ, ಅದಕ್ಕೊಬ್ಬ ಕೆಮಿಸ್ಟು ಇರುತ್ತಾರೆ. ಟ್ರ್ಯಾಕ್ಟರಿಗೆ ಯಾರನ್ನು ಇಡೋದು?

ಆಚೆ ಬಿಡೋ ಹಬೆಯನ್ನು ತಣ್ಣಗೆ ಮಾಡಿ ಮತ್ತೆ ನೀರು ಮಾಡಿಕೊಳ್ಳಬಾರದಾ ಅಂತ ನಿಮ್ಮ ಮಗ ಕೇಳಬಹುದು. ಒಳ್ಳೇ ಪ್ರಶ್ನೆ. ಹಡಗಿನಲ್ಲಿ ಹಾಗೇ ಮಾಡುತ್ತಾರೆ, ಸುತ್ತ ಸಮುದ್ರವೇ ಇದೆ. ನೆಲದ ಮೇಲೆ ಗಾಳಿಯೇ ಗತಿ. ನಮ್ಮ 40 ಅಶ್ವಶಕ್ತಿ ಅಂದರೆ 30 ಕಿಲೋವಾಟ್. ಇಂಜಿನ್ನನ್ನು ಸುಧಾರಿಸಿ 100ಕ್ಕೆ 10 ಕೊಡೋ ಹಾಗೆ ಮಾಡಿದರೂ 270 ಕಿಲೋವಾಟ್ ಶಾಖವನ್ನು ಎಲ್ಲಾದರೂ ಚೆಲ್ಲಲೇಬೇಕು, ಅದರ ಬಹುಪಾಲು ಹಬೆಯನ್ನು ತಣಿಸಿ ನೀರು ಮಾಡೋ ಕಂಡೆನ್ಸರಿನ ತಲೆ ಮೇಲೆ. ಅಷ್ಟೇ ಶಕ್ತಿಯ ಡೀಸೆಲ್ ಇಂಜಿನ್ನಿನ ರೇಡಿಯೇಟರ್ ಚೆಲ್ಲೋದು 30ರ ಹತ್ತಿರ. ಏಳೆಂಟು ಪಟ್ಟು ದೊಡ್ಡ ರೇಡಿಯೇಟರ್ ಕಟ್ಟಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಮಂಡ್ಯದಲ್ಲಿ ಉಳೋಕೆ ಹೋಗಿ ನೋಡಿ! ಸಾಲದ್ದಕ್ಕೆ ಸಿಲಿಂಡರಿನ ಎಣ್ಣೆ ಹಬೆ ಜೊತೆ ಸೇರಿ ವಾಪಸ್ ಬಾಯ್ಲರಿಗೇ ಬರುತ್ತದೆ, ಅದನ್ನೂ ಸೋಸಬೇಕು.

ಇನ್ನೊಂದು ಮಾತು. ಸೀಜನ್‌ನಲ್ಲಿ ಕಾರ್ಖಾನೆ ಯಾರ್ಡಿನಲ್ಲಿ ಕಬ್ಬಿನ ಗಾಡಿಗಳು ಗಂಟೆಗಟ್ಟಲೆ ಸಾಲು ನಿಂತಿರುತ್ತವೆ. ಡೀಸೆಲ್ ಗಾಡಿಯಾದರೆ ಕೀ ತಿರುಗಿಸಿ ಆಫ್ ಮಾಡಿ, ಟೀ ಕುಡಿದು, ಟ್ರೈಲರ್ ಕೆಳಗೆ ಒಂದು ನಿದ್ದೆ ತೆಗೆಯಬಹುದು. ಬಾಯ್ಲರನ್ನು ಹಾಗೆ ಆರಿಸೋಕಾಗಲ್ಲ. ಆರಿಸಿದರೆ ಮತ್ತೆ ಪ್ರೆಷರ್ ಏರೋಕೆ ಒಂದೆರಡು ಗಂಟೆ. ಅದಕ್ಕೆ ಕೆಂಡ ಮುಚ್ಚಿಟ್ಟುಕೊಂಡು, ಗೇಜ್ ಗ್ಲಾಸಿನಲ್ಲಿ ನೀರು ಎಷ್ಟಿದೆ ಅಂತ ನೋಡುತ್ತಾ ಒಬ್ಬ ಎಚ್ಚರವಾಗಿರಲೇಬೇಕು. ನಿಂತಾಗಲೂ ತಿನ್ನುತ್ತದೆ ಅದು. ಈ ಒಂದು ವಿಷಯದಲ್ಲಿ ಎತ್ತಿನ ಗಾಡಿಗೇ ಹತ್ತಿರ.

ಅಂದ ಹಾಗೆ, ನಿಮ್ಮ ಆಲೆಮನೆಯ ಸಿಪ್ಪೆಗೆ ಆಗಲೇ ಕೆಲಸ ಇದೆಯಲ್ಲಾ. ಕೊಪ್ಪರಿಗೆ ಕೆಳಗೆ ಉರಿಸಿ ಮಿಕ್ಕಿದ್ದು ಎಷ್ಟು ಅಂತ ಒಂದು ಸಲ ತೂಕ ಮಾಡಿ. ನನಗೆ ಗೊತ್ತಿರೋ ಹಾಗೆ ಒಲೆ ಕೆಟ್ಟದಾಗಿದ್ದರೆ ಏನೂ ಮಿಗೋದಿಲ್ಲ.

ಈಗ ಯುದ್ಧಕ್ಕೆ ಬರೋಣ, ನಿಮ್ಮ ಮಗನಿಗೆ ಇದು ಇಷ್ಟವಾಗುತ್ತದೆ. ನೆಲದ ಮೇಲೆ ತಾನೇ ಓಡುವ ಗಾಡಿ ಹುಟ್ಟಿದ್ದೇ ಸೈನ್ಯಕ್ಕೋಸ್ಕರ. ಫ್ರಾನ್ಸಿನ ಸೈನ್ಯದ ಇಂಜಿನಿಯರ್ ನಿಕೋಲಾ ಕುನ್ಯೊ 1769ರಲ್ಲಿ ಒಂದು ಚಿಕ್ಕ ಮಾದರಿ ಓಡಿಸಿದ. ಆಮೇಲೆ ಫಿರಂಗಿ ಹೊರೋಕೆ ಅಂತ ದೊಡ್ಡದೊಂದು ಮಾಡಿದ. ಮೂರು ಚಕ್ರ, ಮುಂದಿನ ಒಂಟಿ ಚಕ್ರದ ಮುಂದೆ ನೇತಾಡೋ ದೊಡ್ಡ ತಾಮ್ರದ ಹಂಡೆಯಂಥ ಬಾಯ್ಲರ್. 4 ಟನ್ ಹೊರಬೇಕು ಅನ್ನೋದು ಲೆಕ್ಕ. ಆದರೆ ಕಾಲು ಗಂಟೆ ಓಡೋದರೊಳಗೆ ಹಬೆ ಮುಗಿದು ನಿಲ್ಲುತ್ತಿತ್ತು. ಮತ್ತೆ ಬೆಂಕಿ ಎಬ್ಬಿಸಿ ಕಾಯಬೇಕು. ಆ ಗಾಡಿ ಇವತ್ತಿಗೂ ಪ್ಯಾರಿಸಿನ ಮ್ಯೂಸಿಯಂನಲ್ಲಿದೆ.

ಅದೇ 1769ರಲ್ಲಿ ನಮ್ಮ ಹೈದರಾಲಿ ಮದರಾಸಿನ ಬಾಗಿಲಿಗೆ ಹೋಗಿ ನಿಂತು ಇಂಗ್ಲಿಷರ ಕೈಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದ. ಮೈಸೂರು ಸೈನ್ಯದ ಫಿರಂಗಿ, ಸಾಮಾನು ಎಳೆಯುತ್ತಿದ್ದದ್ದು ಎತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅನ್ನೋ ಅರಮನೆ ದನದ ಇಲಾಖೆಯ ದನ, ಟಿಪ್ಪು ಆಮೇಲೆ ಅದಕ್ಕೇ ಅಮೃತ ಮಹಲ್ ಅಂತ ಹೆಸರಿಟ್ಟ. ಚಿದಂಬರಕ್ಕೆ ನೆರವಿಗೆ ಹೋಗುವಾಗ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಅಂತ ದನದ ತಳಿಗಳ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. 160 ಕಿಲೋಮೀಟರ್! ಕುನ್ಯೊ ಗಾಡಿ ಪಕ್ಕದಲ್ಲಿ ಇಟ್ಟು ನೋಡಿ. ದಾರಿಯಲ್ಲಿ ಹುಲ್ಲು ಸಿಕ್ಕರೆ ಸಾಕು, ಕೆರೆ ನೀರು ಸಾಕು, ಮೆದು ಮಾಡೋದೂ ಬೇಡ. ಹಬೆ ಗಾಡಿ ಸುಮಾರು 100 ವರ್ಷ ಸೋತದ್ದು ಇಂಥ ಪ್ರಾಣಿಗಳ ಎದುರು. ಡೀಸೆಲ್ ಬಂದದ್ದು ಬಹಳ ಆಮೇಲೆ.

1860ರ ನಂತರ ಆಟ ಬದಲಾಯಿತು. ಇಂಗ್ಲೆಂಡಿನ ಏವ್ಲಿಂಗ್, ಫೌಲರ್ ಕಂಪನಿಗಳ ಟ್ರ್ಯಾಕ್ಷನ್ ಇಂಜಿನ್ನುಗಳು, ಅಂದರೆ ಹಳಿ ಇಲ್ಲದೆ ನೆಲದ ಮೇಲೆ ಓಡಿ ಭಾರ ಎಳೆಯೋ ಹಬೆ ಇಂಜಿನ್ನುಗಳು, ಗಟ್ಟಿಯಾಗಿದ್ದವು, ನಂಬಬಹುದಿತ್ತು. ನಮ್ಮ ದೇಶಕ್ಕೂ ಬಂದವು. ಕ್ರಾಂಪ್ಟನ್ ಅನ್ನೋ ಅಧಿಕಾರಿ, ಮುಂದೆ ಕರೆಂಟಿನ ಉದ್ಯಮದಲ್ಲಿ ಹೆಸರು ಮಾಡಿದವರು ಅವರೇ, 1870ರ ಸುಮಾರಿನಲ್ಲಿ ಪಂಜಾಬಿನ ರಸ್ತೆಯಲ್ಲಿ ಸರ್ಕಾರಕ್ಕೋಸ್ಕರ ಹಬೆ ಗಾಡಿ ಓಡಿಸಿದರು. ಥಾಮ್ಸನ್ ಅನ್ನುವವರ ಇಂಜಿನ್ನು, ಚಕ್ರಕ್ಕೆ ದಪ್ಪ ರಬ್ಬರ್ ಪಟ್ಟಿ. ಗಾಡಿ ಕೆಲಸ ಮಾಡಿತು. ಆದರೆ ಅಷ್ಟರಲ್ಲಿ ರೈಲು ಹಳಿ ಬರುತ್ತಿತ್ತು. ಹಳಿ ಬಂದ ಕಡೆ ಹಬೆ ಗಾಡಿಗೆ ರಸ್ತೆಯಲ್ಲಿ ಏನು ಕೆಲಸ? ಹಳಿಯ ಮೇಲೆ ತೂಕ ಒಂದು ಸಮಸ್ಯೆಯೇ ಅಲ್ಲ, ಎಲ್ಲಿ ನೀರಿನ ಟ್ಯಾಂಕ್ ಇದೆ ಅಂತ ಮೊದಲೇ ಗೊತ್ತು. ರೈಲನ್ನು ಎಳೆದ ಇಂಜಿನ್ನು ಟ್ರೈಲರ್ ಯಾಕೆ ಎಳೆಯಲಿಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಮಗನನ್ನು ಕರೆದುಕೊಂಡು ಬನ್ನಿ, ಹಬೆ ಇಂಜಿನ್ನುಗಳನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಆ ತೂಕವನ್ನು ನಿಮ್ಮ ಊರಿನ ಗಾಡಿ ದಾರಿ ಮೇಲೆ ಇಟ್ಟ ಹಾಗೆ ಊಹಿಸಿಕೊಳ್ಳಿ ಸಾಕು.

ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ, 1899ರಿಂದ 1902ರವರೆಗೆ, ಬ್ರಿಟಿಷರು ಟ್ರ್ಯಾಕ್ಷನ್ ಇಂಜಿನ್ನುಗಳನ್ನು ಗಂಭೀರವಾಗಿಯೇ ಬಳಸಿದರು. ಅಲ್ಲಿ ಕುದುರೆಗಳು ಲಕ್ಷಗಟ್ಟಲೆ ಸತ್ತವು, ಹಾಗಾಗಿ ಹುಲ್ಲು ತಿನ್ನದ, ರೋಗ ಬರದ ಇಂಜಿನ್ನಿಗೆ ಬೆಲೆ ಬಂತು. ಹಳ್ಳದಲ್ಲಿ ಸಿಕ್ಕಿಕೊಂಡು ಹತ್ತಾರು ಎತ್ತುಗಳಿಗೂ ಜಗ್ಗದ ಗಾಡಿಯನ್ನು ಇಂಜಿನ್ನು ಸಲೀಸಾಗಿ ಎಳೆದು ಹಾಕುತ್ತಿತ್ತು. ಫೌಲರ್ ಕಂಪನಿ ಇಂಜಿನ್ನಿಗೂ ಹಿಂದಿನ ಗಾಡಿಗಳಿಗೂ ಉಕ್ಕಿನ ತಗಡು ಹೊದಿಸಿ ಕಳಿಸಿತ್ತು. ಆದರೂ ಇವು ಹೆಚ್ಚಿಗೆ ಕೆಲಸ ಮಾಡಿದ್ದು ಹೊಡೆದಾಟದ ಜಾಗದಲ್ಲಿ ಅಲ್ಲ, ಅದರ ಹಿಂದೆ, ಸಾಮಾನು ಸಾಗಿಸೋದರಲ್ಲಿ. ಮೊದಲ ಮಹಾಯುದ್ಧದಲ್ಲೂ ಅದೇ ಕಥೆ. ಫೋಡೆನ್ ಹಬೆ ಲಾರಿಗಳು ಸಾಮಾನು ಹೊತ್ತವು. ಕೆಲವಕ್ಕೆ ಇನ್ನೊಂದು ಕೆಲಸ ಇತ್ತು. ಕಂದಕದಲ್ಲಿ ಸೈನಿಕರ ಬಟ್ಟೆ ತುಂಬ ಹೇನು. ಲಾರಿಯ ಬಾಯ್ಲರಿನಿಂದಲೇ ಹಬೆ ತೆಗೆದು ಪೆಟ್ಟಿಗೆಯಲ್ಲಿಟ್ಟ ಬಟ್ಟೆಗೆ ಬಿಟ್ಟು ಹೇನು ಸಾಯಿಸುತ್ತಿದ್ದರು. ನನ್ನ ಮಟ್ಟಿಗೆ ಯುದ್ಧದಲ್ಲಿ ಹಬೆ ಗಾಡಿ ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಅದು.

ಟ್ಯಾಂಕ್? ಹೌದು, ಒಂದು ಇತ್ತು. 1918ರಲ್ಲಿ ಅಮೆರಿಕದ ಸೈನ್ಯದ ಇಂಜಿನಿಯರುಗಳು ಮಾಡಿದರು. ಸುಮಾರು 50 ಟನ್, ಸೀಮೆಎಣ್ಣೆ ಉರಿಸೋ ಬಾಯ್ಲರ್, ಎರಡು ಹಬೆ ಇಂಜಿನ್ನು, ಮುಂದೆ ಬೆಂಕಿ ಕಾರುವ ಕೊಳವೆ, ವೇಗ ಗಂಟೆಗೆ ಆರೇಳು ಕಿಲೋಮೀಟರ್. ಮಾಡಿದ್ದು ಒಂದೇ. ಫ್ರಾನ್ಸಿಗೆ ಕಳಿಸಿದರು, ಯುದ್ಧ ಮಾಡಲಿಲ್ಲ. ಸುಮ್ನೆ ಹುಚ್ಚಾಟ ಅಂತ ನಗಬೇಡಿ, ಯೋಚನೆಗೆ ಕಾರಣ ಇತ್ತು. 1916ರ ಬ್ರಿಟಿಷರ ಮೊದಲ ಟ್ಯಾಂಕ್ 28 ಟನ್ ತೂಗುತ್ತಿತ್ತು, ಇಂಜಿನ್ನು ಪೆಟ್ರೋಲಿನದು, ಬರೀ 105 ಅಶ್ವಶಕ್ತಿ. ಗೇರ್ ಹಾಕಿ ತಿರುಗಿಸೋಕೇ ನಾಲ್ಕು ಜನ ಬೇಕಿತ್ತು. ಗೇರೇ ಬೇಡದ, ನಿಂತಲ್ಲೇ ಪೂರ್ತಿ ಬಲ ಕೊಡೋ ಇಂಜಿನ್ನು ಅಂದರೆ ಯಾರಿಗೆ ಆಸೆ ಆಗಲ್ಲ?

ಆದರೆ ಒಳಗೆ ಕೂತವನ ಜಾಗದಲ್ಲಿ ನಿಂತು ನೋಡಿ. ಮುಚ್ಚಿದ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಉರಿಯೋ ಬಾಯ್ಲರ್. ಒಂದು ಚೂರು ಸಿಡಿದು ಸ್ಟೀಮ್ ಪೈಪಿಗೆ ತೂತಾದರೆ ಶತ್ರುವೇ ಬೇಕಿಲ್ಲ, ಒಳಗಿನವರು ಬೆಂದು ಹೋಗುತ್ತಾರೆ. ಬಿಳೀ ಹಬೆ ಮೈಲಿ ದೂರಕ್ಕೆ ಕಾಣುತ್ತದೆ. ಗುಂಡು ಹಾರುವ ಜಾಗಕ್ಕೆ ದಿನಾ ಸಾವಿರಾರು ಲೀಟರ್ ಒಳ್ಳೇ ನೀರು ಯಾರು ತಂದುಕೊಡೋದು? ಗೇಮಿನಲ್ಲಿ ನೀರಿನ ಗಾಡಿ ಇರುತ್ತಾ ಅಂತ ಮಗನನ್ನು ಕೇಳಿ.

ಒಂದು ತಮಾಷೆ ಇದೆ. ಟ್ಯಾಂಕಿಗೆ ಹಬೆ ಒಗ್ಗಲಿಲ್ಲ, ಆದರೆ ಟ್ಯಾಂಕಿನ ಕಾಲು ಬಂದದ್ದು ಹಬೆ ಗಾಡಿಯಿಂದ. ಅಮೆರಿಕದ ಮೇನ್ ಪ್ರಾಂತ್ಯದಲ್ಲಿ ಲೊಂಬಾರ್ಡ್ ಅನ್ನುವವರು 1901ರಲ್ಲಿ ಸರಪಳಿ ಪಟ್ಟಿಯ ಹಬೆ ಗಾಡಿಗೆ ಪೇಟೆಂಟ್ ಪಡೆದರು. ಹಿಮ ಗಟ್ಟಿಯಾದ ಕಾಡು ದಾರಿಯಲ್ಲಿ ಮರದ ದಿಮ್ಮಿಗಳ ಸಾಲು ಸಾಲು ಜಾರುಬಂಡಿ ಎಳೆಯಿತು ಅದು, ಲಾಭಕ್ಕೇ ಎಳೆಯಿತು. ಸೌದೆ ಅಲ್ಲೇ, ನೀರೂ ಅಲ್ಲೇ. ಕ್ಯಾಲಿಫೋರ್ನಿಯಾದ ಹೋಲ್ಟ್ 1904ರಲ್ಲಿ ಮೆತ್ತನೆ ಮಣ್ಣಿನಲ್ಲಿ ಹೂತುಹೋಗೋ ತನ್ನ ಹಬೆ ಟ್ರ್ಯಾಕ್ಟರಿಗೆ ಚಕ್ರ ಕಿತ್ತು ಪಟ್ಟಿ ಹಾಕಿದ. ಮುಂದೆ ಇಂಜಿನ್ನು ಪೆಟ್ರೋಲಿಗೆ ಬದಲಾಯಿತು, ಪಟ್ಟಿ ಉಳಿಯಿತು. ಇವತ್ತಿನ ಕ್ಯಾಟರ್‌ಪಿಲ್ಲರ್ ಕಂಪನಿಯ ಮೂಲ ಅದೇ.

ಉಳುಮೆಯಲ್ಲೂ ತೂಕದ್ದೇ ಗೋಳು. ದೊಡ್ಡ ಇಂಜಿನ್ನುಗಳು 10ರಿಂದ 20 ಟನ್ ತೂಗುತ್ತಿದ್ದವು, ನಿಮ್ಮ ಟ್ರ್ಯಾಕ್ಟರ್ 2 ಟನ್ ಇದ್ದರೆ ಹೆಚ್ಚು. ಅದನ್ನು ಗದ್ದೆಗೆ ಇಳಿಸಿದರೆ ಮುಗೀತು. ಜಾನ್ ಫೌಲರ್ ಇದಕ್ಕೆ ಹುಡುಕಿದ ದಾರಿ ನನಗೆ ಈಗಲೂ ಖುಷಿ ಕೊಡುತ್ತದೆ. ಇಂಜಿನ್ನನ್ನು ಹೊಲಕ್ಕೆ ಇಳಿಸಲೇ ಇಲ್ಲ. ಈ ಬದುವಿನ ಮೇಲೆ ಒಂದು, ಆ ಬದುವಿನ ಮೇಲೆ ಒಂದು ಇಂಜಿನ್ನು ನಿಲ್ಲಿಸಿ, ನಡುವೆ ಉಕ್ಕಿನ ಹಗ್ಗ ಕಟ್ಟಿ, ನೇಗಿಲನ್ನು ಆಚೆ ಈಚೆ ಎಳೆದಾಡಿಸಿದ. 1858ರಲ್ಲಿ ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ ಅವನ ಹಗ್ಗದ ಉಳುಮೆಗೆ 500 ಪೌಂಡ್ ಬಹುಮಾನ ಕೊಟ್ಟಿತು. ದೊಡ್ಡ ದೊಡ್ಡ ಎಸ್ಟೇಟುಗಳಿಗೆ ಸರಿ. ನಿಮ್ಮ ಒಂದೆರಡು ಎಕರೆ ತಾಕಿಗೆ ಎರಡು ಇಂಜಿನ್ನು ತಂದು ನಿಲ್ಲಿಸೋದರಲ್ಲೇ ಬೆಳಗಾಗುತ್ತದೆ.

ನಮ್ಮ ಕಡೆ ರಸ್ತೆಗೆ ಇಳಿದ ಹಬೆ ಗಾಡಿಗಳಲ್ಲಿ ಗೆದ್ದದ್ದು ರೋಡ್ ರೋಲರ್. ಅದರ ಕೆಲಸವೇ ತೂಕ. ನಿಧಾನ ಹೋದರೇ ಒಳ್ಳೇದು. ದಿನಕ್ಕೆ ಒಂದೆರಡು ಫರ್ಲಾಂಗ್ ಜಾಗದಲ್ಲೇ ಹಿಂದೆ ಮುಂದೆ ಆಡುವುದರಿಂದ ನೀರು ಸೌದೆ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಮೇಲೆ ಹೇಳಿದ ದೋಷಗಳಲ್ಲಿ ಹೆಚ್ಚಿನವು ಅಲ್ಲಿ ದೋಷವಲ್ಲ. ವಯಸ್ಸಾದವರನ್ನು ಕೇಳಿ, ಹೊಗೆ ಬಿಡೋ ರೋಲರ್ ಹಿಂದೆ ಓಡಿದವರು ಸಿಗುತ್ತಾರೆ.

ಹಬೆ ಲಾರಿಯೂ ಕೊನೆಗೆ ಬಹಳ ಚೆನ್ನಾಗಿಯೇ ಆಯಿತು. 1930ರ ದಶಕದ ಸೆಂಟಿನೆಲ್ ಲಾರಿಗೆ ಗಾಳಿ ತುಂಬಿದ ಟೈರು, ಒಬ್ಬನೇ ಓಡಿಸಬಹುದು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರ ತೂಕದ ಮೇಲೆ ತೆರಿಗೆ ಏರಿಸಿತು, ಬಾಯ್ಲರ್ ಹೊತ್ತ ಲಾರಿ ಅಲ್ಲಿಗೆ ಮುಗಿಯಿತು. ರಷ್ಯಾದವರು 1949ರಲ್ಲಿ ಸೌದೆ ಉರಿಸೋ 100 ಅಶ್ವಶಕ್ತಿಯ ಲಾರಿ ಮಾಡಿದರು, ಅದೂ ಮಾದರಿಗಳಲ್ಲೇ ನಿಂತಿತು. ಸಿಪ್ಪೆಯಿಂದ ನಿಜವಾಗಿ ಲಾಭ ಬೇಕಾದರೆ ಅದನ್ನು ಬಾಯ್ಲರ್ ಇರುವ ಕಡೆಗೇ ಕೊಡಿ. ಕಾರ್ಖಾನೆಯ ಬಾಯ್ಲರ್ ಎಲ್ಲಿಗೂ ಹೋಗಬೇಕಿಲ್ಲ, ನೀರು ಅಲ್ಲೇ ಇದೆ, ಟರ್ಬೈನ್ ತಿರುಗಿಸಿ ಕರೆಂಟು ಮಾಡುತ್ತದೆ, ಮಿಕ್ಕ ಹಬೆ ರಸ ಕಾಯಿಸುತ್ತದೆ. ಆ ಕರೆಂಟು ತಂತಿಯಲ್ಲಿ ನಿಮ್ಮ ಪಂಪ್‌ಸೆಟ್ಟಿಗೆ ಬರಲಿ.

ಕೊನೆಗೆ ಮಗನ ಸಿಲಿಂಡರ್. ಇದಕ್ಕೆ ಮಾತ್ರ ಖಡಾಖಂಡಿತವಾಗಿ ಬೇಡ ಅನ್ನಿ. ಮನೆಯ 14.2 ಕೆಜಿ ಸಿಲಿಂಡರಿನಲ್ಲಿ 33 ಲೀಟರ್ ನೀರು ಹಿಡಿಯುತ್ತದೆ. 25 ಲೀಟರ್ ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಬಾಯ್ಲರ್, ನೋಂದಣಿ, ತಪಾಸಣೆ ಎಲ್ಲ ಬೇಕು. ಕಾನೂನು ಹಾಗಿರಲಿ. ಅದರಲ್ಲಿ 20 ಲೀಟರ್ ನೀರು 10 ಕೆಜಿ ಪ್ರೆಷರಿನಲ್ಲಿದೆ (ಒಂದೊಂದು ಚದರ ಸೆಂಟಿಮೀಟರ್ ಮೇಲೂ 10 ಕೆಜಿ ಒತ್ತಡ) ಅಂದುಕೊಳ್ಳಿ, ನೀರಿನ ಬಿಸಿ 180 ಡಿಗ್ರಿ. ವೆಲ್ಡಿಂಗ್ ಬಿಟ್ಟುಕೊಂಡರೆ ಅದರಲ್ಲಿ 3 ಲೀಟರಿನಷ್ಟು ನೀರು ಆ ಕ್ಷಣಕ್ಕೆ ಹಬೆಯಾಗಿ 5,000 ಲೀಟರ್ ಜಾಗ ಕೇಳುತ್ತದೆ. ಎದುರಿಗೆ ನಿಂತವನನ್ನು ಕೇಳೋದಿಲ್ಲ. ಗಾಡಿ ಮೇಲಿನ ಬಾಯ್ಲರಿಗೆ ಇನ್ನೊಂದು ಅಪಾಯ ಇದೆ, ಅವನಿಗೆ ಇದನ್ನು ಬಿಡಿಸಿ ಹೇಳಿ. ರೈಲಿನ ಥರ ಉದ್ದನೆ ಬಾಯ್ಲರಿನ ಗಾಡಿಯಲ್ಲಿ ಒಲೆ ಹಿಂದುಗಡೆ ಇರುತ್ತದೆ. ಚಾಮುಂಡಿ ಬೆಟ್ಟದಂಥ ಇಳಿಜಾರಿನಲ್ಲಿ ಕೆಳಗೆ ಬರುವಾಗ ನೀರೆಲ್ಲ ಮುಂದಕ್ಕೆ ಸರಿಯುತ್ತದೆ, ಒಲೆಯ ನೆತ್ತಿಯ ತಗಡು ನೀರಿಲ್ಲದೆ ಬರಿದಾಗುತ್ತದೆ. ಕೆಳಗೆ ಬೆಂಕಿ, ಮೇಲೆ ಒಣ ತಗಡು. ಕೆಂಪಗೆ ಕಾದು ಮೆತ್ತಗಾಗುತ್ತದೆ. ಅದಕ್ಕೇ ಅಲ್ಲಿ ಒಂದು ಸೀಸದ ಪ್ಲಗ್ ಇಡುತ್ತಾರೆ. ತಗಡು ಹೋಗುವ ಮೊದಲು ಅದು ಕರಗಿ ಹಬೆ ಒಲೆಗೆ ಬೀಳುತ್ತದೆ, ಬೆಂಕಿ ಕುಗ್ಗುತ್ತದೆ.

ಹುಡುಗನ ಉತ್ಸಾಹ ಕೆಡಿಸಬೇಡಿ. ಮೊದಲು ಇಂಜಿನ್ ಒಂದನ್ನೇ ಮಾಡಲಿ, ಸಿಲಿಂಡರು, ಪಿಸ್ಟನ್ನು, ವಾಲ್ವು. ಅದನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ, ಒಂದೆರಡು ಕೆಜಿ ಪ್ರೆಷರಿನಲ್ಲಿ ಓಡಿಸಲಿ. ಒಳಗೆ ಬರುತ್ತಿರೋದು ಗಾಳಿಯೋ ಹಬೆಯೋ ಅಂತ ಪಿಸ್ಟನ್ನಿಗೆ ಗೊತ್ತಾಗೋದಿಲ್ಲ. ವಾಲ್ವಿನ ಟೈಮಿಂಗ್ ಸರಿ ಮಾಡೋದರಲ್ಲೇ ಒಂದು ಸೆಮಿಸ್ಟರ್ ಹೋಗುತ್ತದೆ. ಆಮೇಲೂ ಬಾಯ್ಲರ್ ಬೇಕೇ ಬೇಕು ಅಂದರೆ ಒಂದು ಲೀಟರಿನ ತಾಮ್ರದ್ದು, ಎರಡು ಸೇಫ್ಟಿ ವಾಲ್ವು, ಮತ್ತು ಬೆಂಕಿ ಹಚ್ಚುವ ಮೊದಲು ಒಳಗೆ ಗಾಳಿ ಉಳಿಯದ ಹಾಗೆ ತಣ್ಣೀರು ತುಂಬಿ, ಓಡಿಸೋ ಪ್ರೆಷರಿನ ಎರಡು ಪಟ್ಟಿಗೆ ಕೈಪಂಪಿನಲ್ಲಿ ಏರಿಸಿ, ಅರ್ಧ ಗಂಟೆ ಗೇಜ್ ಮುಳ್ಳು ಅಲ್ಲಾಡದೆ ನಿಲ್ಲುತ್ತಾ ಅಂತ ಕಾಲೇಜಿನ ವರ್ಕ್‌ಶಾಪಿನಲ್ಲಿ ಮೇಷ್ಟರ ಎದುರಿಗೇ ನೋಡಲಿ.